ಕೂರೋ ಪಾರ್ಟು

ಗೋವಿಂದರಾಜನಗರದಲ್ಲಿ, ಮಾಗಡಿ ರೋಡಿನಿಂದ ಎರಡು ತಿರುವು ಒಳಗೆ, ಮುನಿತಾಯಮ್ಮನವರ ಡ್ರೆಸ್ ಅಂಗಡಿ ಇದೆ. ಶಾಲೆ ಮಕ್ಕಳ ನಾಟಕಕ್ಕೆ, ಫ್ಯಾನ್ಸಿ ಡ್ರೆಸ್ಸಿಗೆ ಬಟ್ಟೆ ಬಾಡಿಗೆ ಕೊಡುವ ಅಂಗಡಿ. ಹತ್ತಡಿಗೆ ಹನ್ನೆರಡಡಿ ಜಾಗ, ಸೂರಿನ ತನಕ ಚೀಲಗಳು, ಪ್ರತಿ ಚೀಲದ ಮೇಲೂ ಮಾರ್ಕರಿನಲ್ಲಿ ಬರೆದ ಹೆಸರು. ‘ಕೃಷ್ಣ ಚಿಕ್ಕದು’, ‘ಕೃಷ್ಣ ದೊಡ್ಡದು’, ‘ಒನಕೆ ಓಬವ್ವ’, ‘ಬದನೆಕಾಯಿ’, ‘ಟ್ರಾಫಿಕ್ ಸಿಗ್ನಲ್’. ಎಲ್ಲಕ್ಕಿಂತ ಕೆಳಗೆ, ಗೋಡೆಗೆ ಒತ್ತಿಕೊಂಡು, ‘ಫಾರಿನ್ ಋಷಿಗಳು’ ಅನ್ನುವ ಚೀಲವೊಂದಿತ್ತು. ಸಾಕ್ರಟಿಸ್, ಆರ್ಕಿಮಿಡೀಸ್, ಸೀಸರ್, ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಕಾಯುವವರು, ಎಲ್ಲರಿಗೂ ಅದೇ ಚೀಲ: ಒಂದು ಬಿಳಿ ಬೆಡ್‌ಶೀಟು, ಅಂಚಿಗೆ ಚಿನ್ನದ ಬಣ್ಣದ ಲೇಸು, ಎಡ ಹೆಗಲ ಮೇಲೊಂದು ಗಂಟು. ಸೀಸರಿಗೂ ಕುರಿ ಕಾಯುವವನಿಗೂ ಒಂದೇ ಬೆಡ್‌ಶೀಟು ಕಟ್ಟಿದ ಸಮಾನತೆ ನನಗೇನೋ ಇವತ್ತಿಗೂ ಇಷ್ಟ.

ಮುನಿತಾಯಮ್ಮನಿಗೆ ಈಗ ಅರವತ್ತೆರಡು. ಹುಟ್ಟಿದ್ದು ಮೂಡಲಪಾಳ್ಯದಲ್ಲಿ, ಅದಿನ್ನೂ ಹಳ್ಳಿಯಾಗಿದ್ದಾಗ. ಓದಿದ್ದು ನಾಲ್ಕನೇ ಕ್ಲಾಸು. ಗಂಡ ನಂಜುಂಡಪ್ಪನವರು ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಟ್ಟೆ ಮಡಿಸುವ ಕಡೆ ಇದ್ದವರು. ಮಗ್ಗಗಳ ಸದ್ದಿಗೆ ಅವರ ಎಡಗಿವಿ ಹೋಗಿದೆ. ಹಾಗಾಗಿ ಗುಟ್ಟಿನ ಮಾತನ್ನೂ ಪಕ್ಕದ ಬೀದಿಗೆ ಕೇಳುವಂತೆ ಆಡುತ್ತಾರೆ. ಮಿಲ್ಲು ನಿಂತ ವರ್ಷ, ಮನೆಯಲ್ಲಿ ಉಳಿದಿದ್ದ ತುಂಡುಬಟ್ಟೆಯಲ್ಲಿ ಮುನಿತಾಯಮ್ಮ ಪಕ್ಕದ ಮನೆ ಮಗುವಿಗೊಂದು ಕೃಷ್ಣನ ಉಡುಪು ಮಾಡಿಕೊಟ್ಟರು. ಆ ಕೃಷ್ಣ ಫಸ್ಟ್ ಪ್ರೈಜ್ ಹೊಡೆದುಕೊಂಡು ಬಂದ. ಅಂಗಡಿಗೆ ಅದೇ ಬುನಾದಿ.

ಅವರದೊಂದು ನೇಮವಿದೆ. ಹೊಲಿಯೋ ಬಟ್ಟೆ ಬೇರೆ, ಉಡೋ ಬಟ್ಟೆ ಬೇರೆ. ಉಡೋ ಬಟ್ಟೆಗೆ ಕತ್ತರಿ ತಾಗಿಸಬಾರದು. ಆರು ಗಜದ ಸೀರೆ ಕೈಗೆ ಕೊಟ್ಟರೆ ಅದರಲ್ಲೇ ಕೊಡಗಿನವಳನ್ನೂ ಮರಾಠರವಳನ್ನೂ ಕಿತ್ತೂರಿನ ರಾಣಿಯನ್ನೂ ನಿಲ್ಲಿಸುತ್ತಾರೆ. ಮಕ್ಕಳು ಕುಣಿಯಲಿ, ಓಡಲಿ, ಸ್ಟೇಜಿನಿಂದ ಕೆಳಗೆ ಬೀಳಲಿ, ನೆರಿಗೆ ಒಂದು ಬೆರಳಷ್ಟೂ ಜಾರುವುದಿಲ್ಲ. ಈಗ ಮದುವೆ ಗಂಡಿಗೆ ವೆಲ್ಕ್ರೋ ಪಂಚೆ ಬಂದಿದೆ. ಧಾರೆಯ ಹೊತ್ತಿಗೆ ಚರ್ ಅನ್ನುವ ಪಂಚೆ. ಜಿಪ್ ಎಳೆದರೆ ಮುಗಿಯುವ, ನೆರಿಗೆ ಹೊಲಿದಿಟ್ಟ ಸೀರೆ ಬಂದಿದೆ. ಸಾಲ ಮಾಡಿ ಮೂರು ಬೆಡ್‌ರೂಮಿನ ಫ್ಲಾಟು ಕೊಳ್ಳಲು ಬರುವವನಿಗೆ ಸೊಂಟಕ್ಕೊಂದು ಪಂಚೆ ಸುತ್ತಿಕೊಳ್ಳಲು ಬರುವುದಿಲ್ಲ ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮುನಿತಾಯಮ್ಮನಿಗೆ ನಗು ಬರುತ್ತದೆ. “ಬುಡಿ, ಸೊಂಟ ಇದ್ದರೆ ತಾನೆ” ಅನ್ನುತ್ತಾರೆ.

ಹೋದ ನವೆಂಬರಿನಲ್ಲಿ ಅವರ ಅಂಗಡಿಗೆ ಸ್ಮೃತಿ ಮಿಸ್ ಬಂದರು. ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ ಹೇಳುವ ಹುಡುಗಿ. ಶಾಲೆಯ ಹೆಸರು ಬೇಡ, ಅಂಥದ್ದು ಪ್ರತಿ ಮೇನ್ ರೋಡಿಗೂ ಒಂದಿದೆ. ಮುನಿತಾಯಮ್ಮನ ಸೊಸೆ ಲತಾ ಅದೇ ಶಾಲೆಯಲ್ಲಿ ಆಯಾ. ಆ ಸಲುಗೆಯಲ್ಲೇ ಮಿಸ್ ಬಂದಿದ್ದು.

“ಆಂಟಿ, ಡಿಸೆಂಬರ್ ಇಪ್ಪತ್ತಕ್ಕೆ ಸ್ಕೂಲ್ ಡೇ. ‘ರೋಮನ್ ಮನೆಯಲ್ಲಿ ಒಂದು ದಿನ’ ಅಂತ ನಾಟಕ ಮಾಡಿಸ್ತಾ ಇದೀನಿ. ಎರಡು ಸಾವಿರ ವರ್ಷದ ಹಿಂದೆ ಅವರ ಮನೆ ಹೇಗಿತ್ತು, ಏನು ಉಡ್ತಿದ್ರು, ಏನು ತಿಂತಿದ್ರು, ಎಲ್ಲ ಬರುತ್ತೆ.”

ಮುನಿತಾಯಮ್ಮ ಬಗ್ಗಿ ‘ಫಾರಿನ್ ಋಷಿಗಳು’ ಚೀಲ ಎಳೆದರು. ಬೆಡ್‌ಶೀಟು ನೋಡಿ ಮಿಸ್ ಮುಖ ಸಣ್ಣಗಾಯಿತು. ಬ್ಯಾಗಿನಿಂದ ಪುಸ್ತಕ ತೆಗೆದು ಒಂದು ಕಲ್ಲಿನ ಪ್ರತಿಮೆಯ ಚಿತ್ರ ತೋರಿಸಿದರು. “ಇದು ಟೋಗ ಅಂತ. ಬೆಡ್‌ಶೀಟಲ್ಲ ಆಂಟಿ. ಉಣ್ಣೆ ಬಟ್ಟೆ, ಹದಿನೆಂಟು ಅಡಿ ಉದ್ದ. ಗಂಟಿಲ್ಲ, ಪಿನ್ನಿಲ್ಲ, ಹೊಲಿಗೆ ಇಲ್ಲ.”

ಮುನಿತಾಯಮ್ಮ ಕನ್ನಡಕ ಹಾಕಿಕೊಂಡರು. ಚಿತ್ರದ ಮೇಲೆ ಬೆರಳಿಟ್ಟು ಬಟ್ಟೆಯ ದಾರಿ ಹಿಡಿದು ಹೊರಟರು. ಎಡ ಹೆಗಲಿನಿಂದ ಒಂದು ತುದಿ ಮುಂದೆ ಪಾದದವರೆಗೆ. ಉಳಿದದ್ದು ಬೆನ್ನ ಹಿಂದಿನಿಂದ ಬಂದು, ಬಲ ಕಂಕುಳ ಕೆಳಗೆ ನುಸುಳಿ, ಎದೆಯ ಅಡ್ಡಕ್ಕೆ ಏರಿ, ಮತ್ತೆ ಎಡ ಹೆಗಲಿಗೆ.

“ಮಿಸ್ಸೇ, ಇದು ಸೆರಗಲ್ವಾ?”

“ಸೆರಗೇ ಅನ್ನಿ. ಆದರೆ ಗಂಡಸರದ್ದು.”

“ಎದೆ ಹತ್ರ ಜೋಲು ಬಿದ್ದೈತಲ್ಲ, ಅದ್ಯಾಕೆ?”

“ಆ ಮಡಿಕೇನ ಲ್ಯಾಟಿನ್‌ನಲ್ಲಿ ಸೈನಸ್ ಅಂತಾರೆ. ಅದರೊಳಗೆ ಸಣ್ಣಪುಟ್ಟ ಸಾಮಾನು ಇಟ್ಕೊಳ್ತಿದ್ರಂತೆ. ಆ ಪದಕ್ಕೆ ಎದೆ, ಮಡಿಲು ಅನ್ನೋ ಅರ್ಥಾನೂ ಇದೆ.”

ನಂಜುಂಡಪ್ಪನವರು ಒಳಗಿನಿಂದಲೇ ಕೂಗಿದರು. “ನಂಗೂ ಐತೆ ಸೈನಸ್ಸು. ನೆಗಡಿಯಾದ್ರೆ ಕಟ್ಕೊಳ್ತದೆ.”

“ನಿಮ್ಮದಲ್ಲ, ಸುಮ್ಕಿರಿ” ಅಂದರು ಮುನಿತಾಯಮ್ಮ. ಆಮೇಲೆ ಮಿಸ್ ಕಡೆ ತಿರುಗಿ, “ಮಡಿಲು ಅಂದ ಮೇಲೆ ಮುಗೀತು. ನಂಗೆ ಉಡ್ಸಕ್ ಬತ್ತದೆ” ಅಂದರು. ನಲವತ್ತು ವರ್ಷ ಎಷ್ಟೋ ಹೆಣ್ಣುಮಕ್ಕಳಿಗೆ ಮಡಿಲಕ್ಕಿ ತುಂಬಿದ ಕೈ. ಬಟ್ಟೆಯನ್ನು ಎಲ್ಲಿ ಸಡಿಲ ಬಿಟ್ಟರೆ ಮಡಿಲಾಗುತ್ತದೆ ಅಂತ ಆ ಕೈಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಆವತ್ತು ಮಿಸ್ ಎರಡು ಲೋಟ ಕಾಫಿ ಕುಡಿದು ಇಡೀ ರೋಮನ್ ಮನೆಯನ್ನೇ ಓದಿ ಹೇಳಿದರು. ಬೆಳಗ್ಗೆ ಎದ್ದರೆ ಗೋಡೆಯ ಗೂಡಿನಲ್ಲಿದ್ದ ಮನೆದೇವರಿಗೆ ಧೂಪ. ಗಂಡುಮಕ್ಕಳ ಕೊರಳಿಗೆ ದೃಷ್ಟಿಯಾಗದಿರಲಿ ಅಂತ ತಾಯತ. ಮನೆಯೊಡತಿಗೆ ಪಾದ ಮುಚ್ಚುವ ನಿಲುವಂಗಿ, ಆಚೆ ಹೋಗುವಾಗ ತಲೆಯ ಮೇಲೆ ಹೊದಿಕೆ. ಪ್ಯಾಂಟು ಹಾಕುವವರನ್ನು ಕಂಡರೆ ಕಾಡುಜನ ಅಂತ ಅವರಿಗೆ ನಗು. ಹಬ್ಬದೂಟವನ್ನು ಎಡ ಮೊಣಕೈ ಊರಿ ಮಲಗಿಕೊಂಡು ತಿನ್ನುತ್ತಿದ್ದರು. (“ಸೋಮಾರಿ ನನ್ನ ಮಕ್ಕಳು” ಅಂದರು ನಂಜುಂಡಪ್ಪ.) ಬಟ್ಟೆ ಬೆಳ್ಳಗಾಗಲು ಅಗಸರು ಮೂತ್ರ ಕೂಡಿಹಾಕಿ ಅದರಲ್ಲಿ ತುಳಿಯುತ್ತಿದ್ದರು.

“ಯಾರ ಮೂತ್ರ?”

“ಎಲ್ಲರದೂ ಆಂಟಿ. ಜನರದ್ದೇ.”

“ಅಷ್ಟು ಬೆಳ್ಳಗೆ ಕಾಣೋದಕ್ಕೆ ಅದಾ ಕಾರಣ” ಅಂದು ಮುನಿತಾಯಮ್ಮ ಪ್ರತಿಮೆಯನ್ನು ಮತ್ತೊಮ್ಮೆ ಮರುಕದಿಂದ ನೋಡಿದರು. ಆಮೇಲೆ ಕಸುಬಿನ ಪ್ರಶ್ನೆಯೊಂದನ್ನು ಕೇಳಿದರು. “ಹದಿನೆಂಟು ಅಡಿ ಬಟ್ಟೆ. ಒಬ್ಬನೇ ಉಟ್ಕೊಳಕ್ಕಾಗಲ್ಲ. ಯಾರು ಉಡುಸ್ತಿದ್ರು?”

“ಅದಕ್ಕೆ ಗುಲಾಮರಿದ್ರು” ಅಂದ ಮಿಸ್ ಪುಸ್ತಕ ಮುಚ್ಚಿದರು. ಹೇಳಬೇಕೋ ಬೇಡವೋ ಅಂತ ತಿಣುಕುತ್ತಿದ್ದ ಮಾತು ಆಗ ಹೊರಗೆ ಬಂತು.

ಯಜಮಾನ, ಯಜಮಾನಿ, ಮಕ್ಕಳು, ಅತಿಥಿಗಳು, ಎಲ್ಲ ಪಾರ್ಟಿಗೂ ಎಂಟನೇ ಕ್ಲಾಸಿನ ಮಕ್ಕಳು ಸಿಕ್ಕಿದ್ದರು. ಗುಲಾಮರ ಪಾರ್ಟಿಗೆ ಯಾರೂ ಇಲ್ಲ. ಮಕ್ಕಳು ಒಪ್ಪಿದ್ದವು. ಒಪ್ಪದವರು ಅಪ್ಪ ಅಮ್ಮ. ಒಂದೇ ಸಂಜೆ ನಾಲ್ಕು ಫೋನು. ಒಬ್ಬರಂತೂ “ನಮ್ಮ ಹುಡುಗ ಗುಲಾಮ ಆಗೋಕೆ ನಿಮ್ಮ ಸ್ಕೂಲಿಗೆ ಬರಬೇಕಾ ಮೇಡಂ” ಅಂದರಂತೆ. ಎರಡು ಸಾವಿರ ವರ್ಷದ ಹಿಂದಿನ, ಸಮುದ್ರದಾಚೆಯ, ಹತ್ತು ನಿಮಿಷದ ಗುಲಾಮಗಿರಿಯನ್ನೂ ಮಗನ ಮೈಗೆ ಸೋಕಿಸಲು ತಯಾರಿಲ್ಲದ ಜನ. ಅದಕ್ಕೆ ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್ ವೆಂಕಟಗಿರಿಯವರು ಒಂದು ಸುಲಭದ ದಾರಿ ಕಂಡುಹಿಡಿದಿದ್ದರು. “ಆಯಾಗಳು ಇದಾರಲ್ಲ. ನಾಲ್ಕು ಜನರನ್ನ ನಿಲ್ಲಿಸಿ. ಯೂನಿಫಾರ್ಮ್ ಇದ್ದೇ ಇದೆ, ಡ್ರೆಸ್ಸೂ ಬೇಡ, ಡೈಲಾಗೂ ಬೇಡ. ಹಿಂದೆ ನಿಂತ್ಕೊಂಡರೆ ಸಾಕು.”

ಓದುಗರು ಈ ವಾಕ್ಯವನ್ನು ಇನ್ನೊಂದು ಸಲ ಓದಬೇಕು. ಡ್ರೆಸ್ಸು ಬೇಡ. ಅವರು ದಿನಾ ಹಾಕುವ ಬಟ್ಟೆಯಲ್ಲೇ ಬಂದು ನಿಂತರೆ ಗುಲಾಮರಾಗಿ ಕಾಣುತ್ತಾರೆ. ಕೆಟ್ಟ ಮನುಷ್ಯನೇನಲ್ಲ ವೆಂಕಟಗಿರಿ. ಆಯಾಗಳ ಮಕ್ಕಳಿಗೆ ದೀಪಾವಳಿಗೆ ಬಟ್ಟೆ ಕೊಡುವವರು. ಕೆಟ್ಟವರಲ್ಲದವರ ಬಾಯಲ್ಲಿ ಇಂಥ ಮಾತು ಎಷ್ಟು ಸಲೀಸಾಗಿ ಬರುತ್ತದೆ ಅನ್ನುವುದೇ ನನಗೆ ಸಿಟ್ಟು ತರಿಸುವುದು.

“ನಾಲ್ಕು ಜನದಲ್ಲಿ ಮೊದಲನೇ ಹೆಸರು ಲತಾ ಅವರದ್ದು” ಅಂದರು ಮಿಸ್, ನೆಲ ನೋಡುತ್ತಾ. “ಎತ್ತರ ಇದಾರೆ, ಕಾಣ್ತಾರೆ ಅಂತ.”

ಸಂಜೆ ಲತಾ ಬಂದು ಅಂಗಡಿಯ ಮುಂದೆ ಚಪ್ಪಲಿ ಬಿಟ್ಟಳು. ಬೂದು ಸೀರೆ, ಮೇಲೆ ಬೂದು ಕೋಟು, ಜೇಬಿನ ಮೇಲೆ ಶಾಲೆಯ ಮುದ್ರೆ. ಬಂದವಳೇ ಸ್ಟೂಲು ಎಳೆದುಕೊಂಡು ಕೂತು ಕಾಲು ಚಾಚಿದಳು. ಶಾಲೆಯಲ್ಲಿ ಆಯಾಗಳಿಗೆ ಕುರ್ಚಿ ಇಲ್ಲ. ಬೆಳಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆ ತನಕ ನಿಂತಿರಬೇಕು, ಇಲ್ಲ ನಡೆಯುತ್ತಿರಬೇಕು. ಮೆಟ್ಟಿಲಿನ ಮೇಲೆ ಕೂತರೆ ಕ್ಯಾಮೆರಾದಲ್ಲಿ ಕಾಣುತ್ತದೆ, ಮೈಕಿನಲ್ಲಿ ಹೆಸರು ಬರುತ್ತದೆ.

“ನಿಂಗೂ ಪಾರ್ಟು ಬಂದೈತಂತೆ” ಅಂದರು ಅತ್ತೆ.

“ಪಾರ್ಟಂತೆ ಪಾರ್ಟು. ಇಡೀ ದಿನ ನಿಂತು ಸಾಯ್ತೀನಿ, ಇನ್ನು ಸ್ಟೇಜ್ ಮೇಲೂ ನಿಲ್ಲಬೇಕಾ. ಕೂರೋ ಪಾರ್ಟಿದ್ರೆ ಹೇಳಿ, ಬರ್ತೀನಿ.”

“ಆಗಲ್ಲ ಅಂದ್ಬುಡು.”

“ಅಂದರೆ ಈಗೇನೂ ಮಾಡಲ್ಲ ಅತ್ತೆ. ಜೂನ್‌ನಲ್ಲಿ ಕಾಂಟ್ರಾಕ್ಟ್ ಬರೆಯೋವಾಗ ನನ್ನ ಹೆಸರು ಮರೆತುಹೋಗುತ್ತೆ, ಅಷ್ಟೆ.” ಲತಾ ಕಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದಳು. “ಅದೂ ಹೋಗ್ಲಿ. ಆ ಮಕ್ಕಳು ಎಲ್‌ಕೆಜಿಯಿಂದ ನನ್ನ ಲತಾ ಆಂಟಿ ಅಂತಾವೆ. ಅವುಕ್ಕೆ ಮೂಗು ಒರೆಸಿದೀನಿ, ಶೂ ಲೇಸ್ ಕಟ್ಟಿದೀನಿ. ಅವರ ಮುಂದೆ ಇದೇ ಸೀರೇಲಿ ಗುಲಾಮಳು ಅಂತ ನಿಂತರೆ, ಮಾರನೇ ದಿನ ನನ್ನ ಏನಂತ ಕರೀತಾವೆ?”

ನಂಜುಂಡಪ್ಪನವರಿಗೆ ಕೇಳಿಸಿತ್ತು. ಒಳ್ಳೆ ಕಿವಿ ಆ ಕಡೆಗಿತ್ತು. ಎದ್ದು ಹೋಗಿ ಸೊಸೆಗೊಂದು ಲೋಟ ಕಾಫಿ ತಂದಿಟ್ಟರು.

ಬೆಳಗ್ಗೆ ಮುನಿತಾಯಮ್ಮ ಮಿಸ್‌ಗೆ ಫೋನು ಮಾಡಿದರು. “ಮಿಸ್ಸೇ, ನಿಮ್ಮ ರೋಮಲ್ಲಿ ಆಳುಗಳು ಕೂತ್ಕೊಳೋ ದಿನ ಅಂತ ಒಂದಾದ್ರೂ ಇತ್ತಾ? ವರ್ಷಕ್ಕೆ ಒಂದೇ ಆಗ್ಲಿ. ಪುಸ್ತಕ ನೋಡಿ ಹೇಳಿ.”

“ನೋಡ್ತೀನಿ ಆಂಟಿ” ಅಂದರು ಮಿಸ್. ಇತಿಹಾಸದಲ್ಲಿ ಎಂ.ಎ. ಮಾಡಿದವರಿಗೆ ಹೊಳೆಯದ ಪ್ರಶ್ನೆ ನಾಲ್ಕನೇ ಕ್ಲಾಸಿನವರಿಗೆ ಹೊಳೆದಿತ್ತು. ಹೊಳೆಯಲೇಬೇಕಿತ್ತು, ಮನೆಯಲ್ಲಿ ಕಾಲು ನೋವಿನ ಸೊಸೆ ಇದ್ದಳು.

ಎರಡು ದಿನ ಬಿಟ್ಟು ಸ್ಮೃತಿ ಮಿಸ್ ಸ್ಕೂಟರಿನ ಹೆಲ್ಮೆಟ್ಟನ್ನೂ ತೆಗೆಯದೆ ಅಂಗಡಿಯೊಳಗೆ ನುಗ್ಗಿದರು. “ಇತ್ತು ಆಂಟಿ. ಸ್ಯಾಟರ್ನೇಲಿಯಾ ಅಂತ ಹಬ್ಬ. ಆ ದಿನ ಯಾರೂ ಟೋಗ ಉಡೋ ಹಾಗಿಲ್ಲ, ಯಜಮಾನನೂ ಬಣ್ಣದ ಬಟ್ಟೇನೇ ಹಾಕಬೇಕು. ಆಳು, ಒಡೆಯ, ಎಲ್ಲರಿಗೂ ಒಂದೇ ತರದ ಚೂಪು ಟೋಪಿ. ಆಳುಗಳು ಊಟಕ್ಕೆ ಕೂರೋದು, ಯಜಮಾನ ಬಡಿಸೋದು.”

“ಯಾವ ತಿಂಗಳಲ್ಲಿ?”

“ಅದೇ ಆಂಟಿ, ಡಿಸೆಂಬರ್ ಹದಿನೇಳರಿಂದ ಇಪ್ಪತ್ತಮೂರು. ನಮ್ಮ ಸ್ಕೂಲ್ ಡೇ ಇಪ್ಪತ್ತಕ್ಕೆ.”

ಹಬ್ಬ ಮುಗಿದ ಮೇಲೆ ಮತ್ತೆ ಅದೇ ಗುಲಾಮಗಿರಿ, ಅದನ್ನೂ ಮಿಸ್ ಮುಚ್ಚಿಡಲಿಲ್ಲ. ಜೊತೆಗೆ ಇನ್ನೊಂದು ಸಂಗತಿ ಓದಿದ್ದರು. ಒಮ್ಮೆ ರೋಮಿನ ಸೆನೆಟ್‌ನಲ್ಲಿ, ಗುಲಾಮರಿಗೆಲ್ಲ ಬೇರೆ ತರದ ಬಟ್ಟೆ ಹಾಕಿಸೋಣ, ಗುರುತು ಹತ್ತಲಿ ಅಂತ ಮಾತು ಬಂತಂತೆ. ಆಮೇಲೆ ಹೆದರಿ ಕೈಬಿಟ್ಟರಂತೆ. ಒಂದೇ ಬಟ್ಟೆ ಹಾಕಿಸಿದರೆ ಅವರು ಒಬ್ಬರನ್ನೊಬ್ಬರು ಎಣಿಸಿಕೊಂಡುಬಿಟ್ಟಾರು ಅನ್ನುವ ಭಯ.

ಮುನಿತಾಯಮ್ಮ ಲತಾಳ ಇನ್ನೊಂದು ಬೂದು ಕೋಟನ್ನೇ ನೋಡುತ್ತಿದ್ದರು. ಅದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. “ನಿಮ್ಮ ಸ್ಕೂಲಲ್ಲಿ ಆಯಾಗಳು ಎಷ್ಟು ಜನ ಮಿಸ್ಸೇ?”

“ಗೊತ್ತಿಲ್ಲ ಆಂಟಿ. ಒಂದೊಂದು ಮಹಡೀಲಿ ಒಬ್ಬಿಬ್ಬರು ಇರ್ತಾರೆ.”

ಸಂಜೆ ಕೇಳಿದರೆ ಲತಾಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆರಳು ಮಡಿಸುತ್ತಾ ಹೋಗಿ, ಎರಡೂ ಕೈ ಮುಗಿದು, ಹನ್ನೊಂದು ಅಂದಳು.

“ನಾಲ್ಕು ಬೇಡ. ಹನ್ನೊಂದೂ ಬರ್ಲಿ” ಅಂದರು ಮುನಿತಾಯಮ್ಮ.

ಉಳಿದದ್ದು ವೆಂಕಟಗಿರಿಯವರನ್ನು ಒಪ್ಪಿಸುವುದು. ಮುನಿತಾಯಮ್ಮ ಭುಜದ ಮೇಲೆ ಅಳತೆಪಟ್ಟಿ ಹಾಕಿಕೊಂಡು ಅವರ ಆಫೀಸಿಗೇ ಹೋದರು. “ಸಾರ್, ಯಜಮಾನನ ಪಾರ್ಟಿಗೆ ಮಕ್ಕಳ ಹೆಗಲು ಸಾಲದು. ಬಟ್ಟೆ ತೂಕಕ್ಕೆ ಮಗು ಕುಕ್ಕರಿಸ್ತದೆ. ಅಗಲವಾದ ಹೆಗಲು ಬೇಕು. ಈ ಸ್ಕೂಲಲ್ಲಿ ನಿಮ್ಮದು ಒಂದೇ.” ಅದು ಸುಳ್ಳೂ ಅಲ್ಲ. ಆದರೆ ಸತ್ಯವನ್ನು ಹೀಗೆ ಉಡಿಸುವುದೂ ಒಂದು ಕಲೆ. ವೆಂಕಟಗಿರಿ ಬೆನ್ನು ನೆಟ್ಟಗೆ ಮಾಡಿ ಕೂತರು. ಕೊನೆಯಲ್ಲಿ ಬಡಿಸುವ ದೃಶ್ಯವಿದೆ ಅಂದಾಗ, “ಅದಕ್ಕೇನಂತೆ, ನಮ್ಮ ಅಕ್ಕನ ಮದುವೇಲಿ ನೂರೈವತ್ತು ಎಲೆಗೆ ಸಾರು ಬಡಿಸಿದೀನಿ” ಅಂದರು. ಹೊರಡುವಾಗ ಮಾತ್ರ ಒಂದು ಬೇಡಿಕೆ ಇಟ್ಟರು. “ಮುನಿತಾಯಮ್ಮ, ಹೆಗಲ ಹತ್ರ ಸ್ವಲ್ಪ ವೆಲ್ಕ್ರೋ ಹಾಕಿಬಿಡಿ. ಸೇಫು.”

“ಬಟ್ಟೆ ನನ್ನ ಜವಾಬ್ದಾರಿ ಸಾರ್. ಅಲ್ಲಾಡದೆ ನಿಲ್ಲೋದು ನಿಮ್ಮದು.”

ಮಿಲ್ಲಿನ ಕಾಲದ ಆರು ಗಜ ಬಿಳಿ ಉಣ್ಣೆ ಬಟ್ಟೆಯನ್ನು ನಂಜುಂಡಪ್ಪನವರು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಕಾಪಾಡಿಕೊಂಡು ಬಂದಿದ್ದರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಟೋಗ ಅರ್ಧ ಚಂದ್ರನ ಹಾಗಿರಬೇಕು, ಮೂಲೆ ಕತ್ತರಿಸಬೇಕು ಅಂದರು ಮಿಸ್. ಕತ್ತರಿ ಅಂದ ಕೂಡಲೇ ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ನಂಜುಂಡಪ್ಪನವರು ನೆಲದ ಮೇಲೆ ಬಟ್ಟೆ ಹಾಸಿ, ಮೊಣಕಾಲೂರಿ, ಮೂಲೆಗಳನ್ನು ಒಳಕ್ಕೆ ಮಡಿಸಿ ಅಂಗೈಯಲ್ಲಿ ತೀಡಿದರು. ಮೂವತ್ತು ವರ್ಷದ ಕೈ. ಅರ್ಧ ಚಂದ್ರ ಬಂತು. ಟೋಪಿಗೆ ಮಾತ್ರ ಒಂದು ಹಳೇ ಕಂಬಳಿಗೆ ಕತ್ತರಿ ಬಿತ್ತು. “ಕಂಬಳಿ ಉಡೋದಲ್ಲ, ಹೊದೆಯೋದು. ಅದಕ್ಕೆ ನೇಮ ಇಲ್ಲ” ಅಂದು ಮುನಿತಾಯಮ್ಮ ತಮಗೆ ತಾವೇ ಮಾಫಿ ಕೊಟ್ಟುಕೊಂಡರು.

ಇಪ್ಪತ್ತನೇ ತಾರೀಕು ಶನಿವಾರ. ಶಾಲೆಯ ಅಂಗಳದ ತುಂಬ ಶಾಮಿಯಾನ, ಶಾಮಿಯಾನದ ತುಂಬ ಮೊಬೈಲು ಎತ್ತಿ ಹಿಡಿದ ಕೈಗಳು. ಮುನಿತಾಯಮ್ಮ ಕರೆದಿದ್ದರಿಂದ ನಾನೂ ಕೊನೇ ಸಾಲಿನಲ್ಲಿದ್ದೆ.

ಮೊದಲನೇ ದೃಶ್ಯ, ಬೆಳಗಿನ ಜಾವ. ಯಜಮಾನ ಮಂಡಿವರೆಗಿನ ಅಂಗಿಯಲ್ಲಿ ನಿಂತಿದ್ದಾರೆ, ಟೋಗ ಉಡಿಸಬೇಕು. ಉಡಿಸಲು ಬಂದದ್ದು ಸ್ವತಃ ಮುನಿತಾಯಮ್ಮ, ತಮ್ಮದೇ ಹಸಿರು ಸೀರೆಯಲ್ಲಿ. ಬೇಡ ಅಂದ ಮಿಸ್‌ಗೆ ಅವರು ಹೇಳಿದ್ದು ಇಷ್ಟೇ: “ಉಡ್ಸೋದು ನನ್ನ ಕಸುಬು. ಅದರಲ್ಲಿ ನಾಚ್ಕೆ ಏನು? ನಿಂತ್ಕೊ ಅಂತ ನಿಲ್ಸಿದ್ರೆ ನಾಚ್ಕೆ.”

ಎಡ ಹೆಗಲ ಮೇಲೆ ತುದಿ ಇಟ್ಟರು, ಬೆನ್ನ ಹಿಂದೆ ಸುತ್ತಿದರು. ಯಜಮಾನರು ಸಭೆಗೆ ಕೈಬೀಸಲು ಹೋದರು. ಸೆರಗಿಗೆ ಸಿಕ್ಕಿಸಿದ್ದ ಕಾಲರ್ ಮೈಕು ಮುನಿತಾಯಮ್ಮನ ಮಾತನ್ನು ಶಾಮಿಯಾನದ ಮೂಲೆಮೂಲೆಗೂ ಮುಟ್ಟಿಸಿತು. “ಅಲ್ಲಾಡಬ್ಯಾಡಿ ಸಾರ್, ಎರಡು ನಿಮಿಷ ನೆಟ್ಟಗೆ ನಿಂತ್ಕಳಿ.” ವರ್ಷಗಳಿಂದ ಪ್ರೇಯರಿನಲ್ಲಿ ಇದೇ ಮಾತನ್ನು ವೆಂಕಟಗಿರಿಯವರ ಬಾಯಲ್ಲಿ ಕೇಳಿದ್ದ ಮಕ್ಕಳು ಹುಯಿಲೆಬ್ಬಿಸಿದವು. ಉಟ್ಟು ಮುಗಿದಾಗ, ಹೇಳಲೇಬೇಕು, ವೆಂಕಟಗಿರಿ ಪ್ರತಿಮೆಯ ಹಾಗೆಯೇ ಕಂಡರು. ಎಡಗೈ ಮಡಿಚಿ ಬಟ್ಟೆ ಹೊತ್ತು ನಿಂತದ್ದರಿಂದ ಆ ಕೈ ಬೇರೆ ಯಾವ ಕೆಲಸಕ್ಕೂ ಇಲ್ಲ. ಕೂರಲಾಗದು, ಬಗ್ಗಲಾಗದು. ಅಷ್ಟರಲ್ಲಿ ರೋಮನ್ ಮನೆಯೊಳಗೆ ಅವರ ಫೋನು ಬಡಿದುಕೊಂಡಿತು. ಎದೆಯ ಮಡಿಲಿನಲ್ಲಿ ಎಲ್ಲೋ ಹೂತಿತ್ತು. ಬಲಗೈ ಹಾಕಿ ತಡಕಿದರು. ಸಿಕ್ಕಿದ್ದು ಕನ್ನಡಕದ ಡಬ್ಬಿ. ಮತ್ತೆ ತಡಕಿದರು. ಯಜಮಾನಿಯ ಪಾರ್ಟಿನ ಗಗನಾ ಅನ್ನುವ ಹುಡುಗಿ ತಲೆಯ ಹೊದಿಕೆ ಸರಿಮಾಡಿಕೊಂಡು, “ಸ್ವಾಮಿ, ನಿಮ್ಮ ಮಡಿಲು ಕೂಗುತ್ತಿದೆ” ಅಂದಳು. ಅದು ಮಿಸ್ ಬರೆದ ಡೈಲಾಗಲ್ಲ.

ಎರಡನೇ ದೃಶ್ಯ ಹಬ್ಬದ್ದು. ಇವತ್ತು ಟೋಗ ಇಲ್ಲ ಅಂತ ಡಂಗೂರವಾಯಿತು. ಮುನಿತಾಯಮ್ಮ ಒಂದು ತುದಿ ಹಿಡಿದು ಎಳೆದರು. ಯಜಮಾನರು ಬುಗುರಿಯಂತೆ ಒಂದೂವರೆ ಸುತ್ತು ತಿರುಗಿದರು, ಹದಿನೆಂಟು ಅಡಿ ಬಟ್ಟೆ ಸರಸರ ಬಿಚ್ಚಿಕೊಂಡಿತು. ಗಂಟಿಲ್ಲ, ಪಿನ್ನಿಲ್ಲ. ಅದನ್ನು ಮಡಿಸಿ ಒಳಗೆ ಕೊಡಬೇಕು ಅಂತ ರಿಹರ್ಸಲ್ ಆಗಿತ್ತು. ಮಡಿಸಲೆಂದೇ ನಂಜುಂಡಪ್ಪನವರು ಪರದೆಯ ಪಕ್ಕದಲ್ಲಿ ಕೈ ಚಾಚಿ ನಿಂತಿದ್ದರು. ಮುನಿತಾಯಮ್ಮ ಕೊಡಲಿಲ್ಲ. ಬಟ್ಟೆಯನ್ನು ಒಮ್ಮೆ ಝಾಡಿಸಿ, ಪರದೆಯ ಅಂಚಿನಿಂದ ಊಟದ ಮಣೆಗಳ ತನಕ ನೆಲಕ್ಕೆ ಹಾಸಿಬಿಟ್ಟರು.

ಮೂಡಲಪಾಳ್ಯದಲ್ಲಿ ದೇವರು ಬೀದಿಗೆ ಬಂದಾಗ ಮುಂದೆ ಮುಂದೆ ಒಗೆದ ಬಟ್ಟೆ ಹಾಸುತ್ತಾ ಹೋಗುತ್ತಿದ್ದರು. ದೇವರು ಹೊತ್ತವರು ಅದರ ಮೇಲೆ ನಡೆದು ಬರಬೇಕು. ನಡೆಮಡಿ ಅನ್ನುತ್ತಾರೆ. ಸಭೆಯಲ್ಲಿದ್ದ ಹಳೇ ಊರಿನ ಕೆಲವು ಹೆಂಗಸರಿಗೆ ತಟ್ಟನೆ ಗೊತ್ತಾಯಿತು. ಅವರು ಕೈಯಲ್ಲಿದ್ದ ಮೊಬೈಲು ಇಳಿಸಿದರು.

ಪರದೆಯ ಪಕ್ಕದಿಂದ ಹನ್ನೊಂದು ಜನ ಬಂದರು. ಬೂದು ಬಣ್ಣ ಒಂದೂ ಇಲ್ಲ. 

ಎಲ್ಲರೂ ತಮ್ಮ ತಮ್ಮ ಮನೆಯ ಒಳ್ಳೆ ಸೀರೆಯಲ್ಲಿ, ತಲೆಗೆ ಕಂಬಳಿಯ ಚೂಪು ಟೋಪಿ. ಮುಂದೆ ಲತಾ, ಅರಿಶಿನ ಬಣ್ಣದ ಸೀರೆಗೆ ಕೆಂಪಂಚು. ಬಟ್ಟೆಯ ಅಂಚಿಗೆ ಬಂದವಳು ನಿಂತುಬಿಟ್ಟಳು.

“ಅತ್ತೆ, ಬಿಳಿ ಬಟ್ಟೆ. ಕೊಳೆ ಆಗುತ್ತೆ.”

“ಆಗ್ಲಿ ಕಣೇ. ನೀನೇನು ತೊಳೀಬೇಕಾಗಿಲ್ಲ.”

ಮೈಕು ಅದನ್ನೂ ಹೇಳಿತು. ಲತಾ ಕಾಲಿಟ್ಟಳು. ಹನ್ನೊಂದು ಜನ ನಡೆದು ಬಂದು ಮಣೆಗಳ ಮೇಲೆ ಕೂತರು. ಮಕ್ಕಳು ಬಡಿಸಲು ಬಂದವು: ಬ್ರೆಡ್ಡು, ದ್ರಾಕ್ಷಿ, ಜೇನು, ಚೀಸ್ ಬದಲಿಗೆ ಪನೀರು. ಗಗನಾ ಡೈಲಾಗು ಮರೆತು “ಲತಾ ಆಂಟಿ, ಇನ್ನೊಂದು ಚೂರು ಹಾಕ್ಲಾ” ಅಂದಳು. ವೆಂಕಟಗಿರಿ ಬಣ್ಣದ ಅಂಗಿ ತೊಟ್ಟು ತಾಮ್ರದ ಚೊಂಬಿನಿಂದ ನೀರು ಬಡಿಸಿದರು. ಒಂದು ತೊಟ್ಟು ಆಚೆ ಬೀಳಲಿಲ್ಲ. ಅಕ್ಕನ ಮದುವೆಯ ವಿಷಯ ನಿಜವೇ ಇರಬೇಕು. ಎರಡೂ ಕೈ ಬಿಡುವಾದ ಮೇಲೆ ಆ ಮನುಷ್ಯನ ಮುಖದಲ್ಲೊಂದು ಗೆಲುವು ಬಂದಿದ್ದನ್ನು ನಾನೇ ಕಂಡೆ.

ಲತಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ನೆಲಮಹಡಿಯವಳು, ಮೂರನೇ ಮಹಡಿಯವಳು, ಬಸ್ಸಿನ ಜೊತೆ ಹೋಗುವವಳು. ಒಂದೇ ಕಡೆ, ಒಂದೇ ಸಾಲಿನಲ್ಲಿ, ಎಲ್ಲರೂ ಸೇರಿ ಕೂತದ್ದು ಅದೇ ಮೊದಲು.

“ನಾವು ಹನ್ನೊಂದು ಜನ ಇದೀವಿ ಕಣ್ರೇ” ಅಂದಳು, ಪಕ್ಕದವಳಿಗೆ ಅನ್ನುವ ಹಾಗೆ.

ಆ ಸೆನೆಟರುಗಳು ಹೆದರಿದ್ದು ಇದಕ್ಕೇ.

ಸೋಮವಾರ ಬೆಳಗ್ಗೆ, ಮತ್ತೆ ಬೂದು ಕೋಟು ಹಾಕಿದ ಹನ್ನೊಂದೂ ಜನ ಒಟ್ಟಿಗೆ ಕರೆಸ್ಪಾಂಡೆಂಟ್ ರೂಮಿನ ಮುಂದೆ ಹೋಗಿ ನಿಂತರು. ಲತಾ ಮಾತಾಡಿದಳು. “ಸಾರ್, ನಮಗೆ ಕುರ್ಚಿ ಬೇಕು. ಮಕ್ಕಳು ಕ್ಲಾಸಲ್ಲಿರೋವಾಗ ಕೂತ್ಕೋತೀವಿ, ಬೆಲ್ ಹೊಡೆದರೆ ಎದ್ದೇಳ್ತೀವಿ.” ಎರಡು ದಿನದ ಹಿಂದೆ ಇವರಿಗೇ ನೀರು ಬಡಿಸಿದ ಫೋಟೋ ವೆಂಕಟಗಿರಿಯವರ ಬೆನ್ನ ಹಿಂದಿನ ಗೋಡೆಗೆ ಆಗಲೇ ಬಂದಿತ್ತು. ಪೇರೆಂಟ್ಸ್ ಗ್ರೂಪಿನಲ್ಲಿ ಅದಕ್ಕೆ ಬಂದ ಹೂವು, ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಆ ಮನುಷ್ಯ ಒಮ್ಮೆ ಫೋಟೋದ ಕಡೆ ತಿರುಗಿ ನೋಡಿದರು. “ಇಷ್ಟೇನಾ? ಮುಂಚೇನೇ ಕೇಳಬಾರದಿತ್ತಾ” ಅಂದರಂತೆ. ಮಧ್ಯಾಹ್ನದೊಳಗೆ ಗೂಡ್ಸ್ ಆಟೋದಲ್ಲಿ ಹನ್ನೊಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಬಂದವು.

ನೀವು ಮುಂಚೇನೇ ಕೊಡಬಾರದಿತ್ತಾ ಸ್ವಾಮಿ? ಒಂದು ಪ್ಲಾಸ್ಟಿಕ್ ಕುರ್ಚಿಗಾಗಿ ರೋಮಿನ ತನಕ ಹೋಗಿಬರಬೇಕಾದ ಊರು ನಮ್ಮದು. ಬೂದು ಕೋಟು ಹಾಗೇ ಇದೆ, ಜೂನ್ ತಿಂಗಳೂ ಬರುತ್ತದೆ, ಕಾಂಟ್ರಾಕ್ಟೂ ಅಲ್ಲೇ ಇದೆ. ಆದರೆ ಇನ್ನು ಆ ಹೆಸರುಗಳಲ್ಲಿ ಯಾವುದೂ ಅಷ್ಟು ಸುಲಭಕ್ಕೆ ಮರೆತುಹೋಗಲಾರದು ಅಂತ ನನ್ನ ಎಣಿಕೆ.

ಆ ಸೋಮವಾರ ಸಂಜೆ ನಾನು ಅಂಗಡಿಯಲ್ಲೇ ಇದ್ದೆ. ಟೋಗ ಇನ್ನೂ ಒಗೆದಿರಲಿಲ್ಲ. ಹನ್ನೊಂದು ಜನರ ಹೆಜ್ಜೆ ಗುರುತಿನ ಸಮೇತ ಹಗ್ಗದ ಮೇಲಿತ್ತು. ಅದನ್ನು ಯಾವ ಚೀಲಕ್ಕೆ ಹಾಕುವುದು ಅಂತ ಗಂಡ ಹೆಂಡತಿಗೆ ತಕರಾರು ನಡೆದಿತ್ತು. ‘ಫಾರಿನ್ ಋಷಿಗಳು’ ಚೀಲಕ್ಕಂತೂ ಅಲ್ಲ ಅನ್ನುವಲ್ಲಿ ಇಬ್ಬರೂ ಒಂದೇ. ಕೊನೆಗೆ ಮುನಿತಾಯಮ್ಮ ಹೊಸ ಚೀಲ ತೆಗೆದು, ಮಾರ್ಕರಿನಲ್ಲಿ ‘ನಡೆಮಡಿ’ ಅಂತ ಬರೆದರು.

ಲತಾ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಟ್ರಾಫಿಕ್ ಸಿಗ್ನಲ್ ಡ್ರೆಸ್ಸು ವಾಪಸ್ ಕೊಡಲು ಯಾರೋ ಬಾಗಿಲಿಗೆ ಬಂದರು.

“ಏಳೇ ಲತಾ, ಗಿರಾಕಿ ಬಂದವ್ರೆ, ಅದನ್ನ ಇಸ್ಕೊ.”

“ನಾನೇಳಲ್ಲ ಅತ್ತೆ” ಅಂದಳು ಲತಾ, ಕಾಲು ಇನ್ನಷ್ಟು ಚಾಚಿ. “ರೋಮಿನ ಹಬ್ಬ ನಾಳೆವರೆಗೂ ಇದೆ.”

ನಂಜುಂಡಪ್ಪನವರು ಎದ್ದು ಹೋಗಿ ಟ್ರಾಫಿಕ್ ಸಿಗ್ನಲನ್ನು ಇಸಿದುಕೊಂಡರು.